ಪೂಜಾರಪ್ಪನ ಅಧ್ಯಕ್ಷಗಿರಿ

ನನ್ನಪ್ಪ ನಮ್ಮೂರ ಆಂಜನೇಯನ ಗುಡಿಯ ಪೂಜಾರಿ. ತೊಂಬತ್ತರ ದಶಕದಲ್ಲಿ ಕೆಲವು ಕಾಲ ಗ್ರಾಮ ಪಂಚಾಯ್ತಿಯ ಅಧ್ಯಕ್ಷನೂ ಆಗಿದ್ದ. ಯಾವ ಹೊತ್ತಿನಲ್ಲಿ ತಾನು ಯಾವ ಕೆಲಸದಲ್ಲಿದ್ದೇನೆ ಎನ್ನುವುದು ಅವನಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಮಂಗಳಾರತಿ ತಟ್ಟೆ ಹಿಡಿದು ಬಂದರೆ ಅದರಲ್ಲಿ ಬೀದಿ ದೀಪದ ಅರ್ಜಿ ಬೀಳುತ್ತಿತ್ತು. ಪಂಚಾಯ್ತಿ ಆಫೀಸಿನಲ್ಲಿ ಕೂತರೆ ಮಗಳಿಗೆ ಗಂಡು ಯಾವ ದಿಕ್ಕಿನಿಂದ ಬರುತ್ತಾನೆ ಅಂತ ಕೇಳಲು ಜನ ಬರುತ್ತಿದ್ದರು. ಅಪ್ಪ ಯಾರನ್ನೂ ವಾಪಸು ಕಳಿಸುತ್ತಿರಲಿಲ್ಲ. ಅರ್ಜಿ ಕೊಟ್ಟವರಿಗೆ ಕುಂಕುಮ ಕೊಡುತ್ತಿದ್ದ, ದಿಕ್ಕು ಕೇಳಿದವರಿಗೆ ಪರಿಶೀಲಿಸಲಾಗುವುದು ಎನ್ನುತ್ತಿದ್ದ.

ನಮ್ಮೂರು ಮೊಳಕಾಲ್ಮೂರಿನಿಂದ ರಾಂಪುರದ ಕಡೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡದ ಬುಡದಲ್ಲಿದೆ. ಆಗ ಊರಿನಲ್ಲಿ ಇಬ್ಬರು ದೊಡ್ಡವರಿದ್ದರು. ಮೇಲಿನ ಕೇರಿಯವರು ಶೇಂಗಾ ವ್ಯಾಪಾರಿ. ಸುತ್ತಲಿನ ಹಳ್ಳಿಗಳ ಶೇಂಗಾ ಅವರ ಗೋಡೌನ್ ಹಾದೇ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗಬೇಕಿತ್ತು. ಕೆಳಗಿನ ಕೇರಿಯವರು ರೇಷ್ಮೆ ಸೀರೆ ನೇಯಿಸುವ ಸಾಹುಕಾರರು. ಅವರ ಮಗ್ಗದ ಸದ್ದು ನಿಂತರೆ ಆ ಕೇರಿಗೆ ಹೊತ್ತು ಗೊತ್ತಾಗುತ್ತಿರಲಿಲ್ಲ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಅವರಿಗೂ ನೆನಪಿರಲಿಲ್ಲ, ಅವರ ಅಪ್ಪಂದಿರಿಗೆ ನೆನಪಿದ್ದಿರಬಹುದು. ಪಂಚಾಯ್ತಿ ಚುನಾವಣೆ ಬಂದಾಗ ಎರಡೂ ಕಡೆಯಿಂದ ಸಮಸಮ ಜನ ಗೆಲ್ಲುವ ಲೆಕ್ಕ ಕಂಡಿತು. ಉಳಿದದ್ದು ಗುಡಿ ಸುತ್ತಲಿನ ಬೀದಿಯ ಸ್ಥಾನ. ಆ ಸ್ಥಾನ ಅವರಿಗೆ ಹೋಗಬಾರದು ಅಂತ ಇವರು, ಇವರಿಗೆ ಹೋಗಬಾರದು ಅಂತ ಅವರು ಹಟ ಹಿಡಿದಾಗ, ಯಾರಿಗೂ ಸೇರದವನು ಒಬ್ಬ ಬೇಕಾಯಿತು. ಹಾಗೆ ಯಾರಿಗೂ ಸೇರದೆ, ಎಲ್ಲರ ಮನೆಯ ತಿಥಿಯೂಟ ಉಂಡು ಬರುವವನು ಊರಿಗೆಲ್ಲ ನನ್ನಪ್ಪನೊಬ್ಬನೇ.

ಅಪ್ಪ ಅವಿರೋಧವಾಗಿ ಆರಿಸಿಬಂದ. ಅಧ್ಯಕ್ಷಗಿರಿಯೂ ಅದೇ ಕಾರಣಕ್ಕೆ ಅವನ ಕೊರಳಿಗೆ ಬಿತ್ತು. ಎಲ್ಲರೂ ಒಮ್ಮತದಿಂದ ಆರಿಸಿದರು ಅಂತ ಅವನು ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆ ಅಂದಳು:

"ಇಬ್ರಿಗೂ ನಿಮ್ಮ ಮ್ಯಾಲೆ ನಂಬಿಕೆ ಐತೆ ಅಂತಲ್ಲ. ನಿಮ್ಮಿಂದ ಏನೂ ಆಗಲ್ಲ ಅಂತ ಇಬ್ರಿಗೂ ನಂಬಿಕೆ ಐತೆ."

ಅಪ್ಪನಿಗೆ ಇದು ಹೊಗಳಿಕೆಯಂತೆಯೇ ಕೇಳಿಸಿತು.

ಅಧ್ಯಕ್ಷನಾದ ಮೇಲೆ ಜುಬ್ಬಾ ಬೇಕಲ್ಲ. ಅವನ ಜೊತೆ ನಾನೂ ಚಳ್ಳಕೆರೆಗೆ ಹೋದೆ. ನಾನಾಗ ಶಿಕ್ಷಕರ ತರಬೇತಿ ಮುಗಿಸಿ, ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದವಳು. ಪೇಟೆಯ ದರ್ಜಿ ಸಾಬರು ಅಪ್ಪನ ಹಣೆಯ ನಾಮ ನೋಡಿ, ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಲೀಡರ್ ಜುಬ್ಬಾನೋ ಪೂಜೆ ಜುಬ್ಬಾನೋ ಎಂದು ಕೇಳಿದರು. ಎರಡಕ್ಕೂ ಆಗುವಂಥದ್ದು ಅಂದ ಅಪ್ಪ. ಸಾಬರು ಬಹಳ ಹೊತ್ತು ಯೋಚಿಸಿ ಜೇಬು ಮಾತ್ರ ದೊಡ್ಡದಾಗಿ ಇಟ್ಟರು. ಅದರಲ್ಲಿ ಅಪ್ಪ ನಾಮದ ಗಟ್ಟಿಯನ್ನೂ ಅಧ್ಯಕ್ಷರ ಮೊಹರನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತಿದ್ದ. ಅವನು ಮೊಹರು ಒತ್ತಿದ ಕಾಗದಗಳಿಂದ ಬಿಳಿ ಪುಡಿ ಉದುರುತ್ತಿತ್ತು. ತಾಲ್ಲೂಕು ಆಫೀಸಿನಲ್ಲಿ ನಮ್ಮೂರ ಕಾಗದವನ್ನು ಕೊಡವಿ ನೋಡಿ ಗುರುತು ಹಿಡಿಯುತ್ತಾರೆ ಅಂತ ಕಾರ್ಯದರ್ಶಿಗಳು ಗೊಣಗುತ್ತಿದ್ದರು.

ಈ ಕಾರ್ಯದರ್ಶಿಗಳು ಚಳ್ಳಕೆರೆಯಿಂದ ಬಸ್ಸಿಗೆ ಬರುವವರು. ಕಾಯಿದೆ ಬಲ್ಲವರು, ಭಯಸ್ಥರು. ಮೊದಲ ಸಭೆಗೆ ಅವರು ಬೆಳಿಗ್ಗೆಯೇ ಬಂದು ಕೂತರೆ ಅಪ್ಪ ರಾಹುಕಾಲ ಕಳೆಯಲಿ ಅಂದ. ಅದು ಕಳೆಯಿತು ಅನ್ನುವಾಗ ಯಮಗಂಡಕಾಲ. ಅದೂ ಕಳೆಯುವ ಹೊತ್ತಿಗೆ ಅವರ ಬಸ್ಸಿನ ಹೊತ್ತು. ಆಮೇಲಾಮೇಲೆ ಕಾರ್ಯದರ್ಶಿಗಳೇ ಚೀಲದಲ್ಲಿ ಒಂದು ಪಂಚಾಂಗ ಇಟ್ಟುಕೊಂಡು ಬರತೊಡಗಿದರು. ಅಪ್ಪನಿಗಾದರೋ ಗುಡಿಯಲ್ಲೂ ಅಧಿಕಾರ ಮರೆಯುತ್ತಿರಲಿಲ್ಲ. ಸಂಕಲ್ಪ ಹೇಳುವಾಗ ಜಂಬೂದ್ವೀಪೇ, ಭರತಖಂಡೇ ಎಂದೆಲ್ಲ ಬಂದ ಮೇಲೆ ಮೊಳಕಾಲ್ಮೂರು ತಾಲ್ಲೂಕೇ ಎಂದು ಸೇರಿಸಿ, ನಮ್ಮ ಪಂಚಾಯ್ತಿಯ ಹಳ್ಳಿಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದ. ಕಾಯಿ ಒಡೆಸಲು ಬಂದವರು ಕೈಮುಗಿದು ಸುಮ್ಮನೆ ನಿಲ್ಲುತ್ತಿದ್ದರು.

ಆ ಪಂಚಾಯ್ತಿಯಲ್ಲಿ ಊರ ಹೊರಗಿನ ಕಾಲೋನಿಯಿಂದ ಆರಿಸಿಬಂದ ಒಬ್ಬ ಹೆಂಗಸಿದ್ದಳು. ಮೀಸಲು ಸ್ಥಾನ. ಶೇಂಗಾ ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು, ನಮ್ಮವ್ವನ ವಾರಗೆಯವಳು. ಸಭೆ ಕೂಡಿದ ಮೊದಲ ದಿನ ಅವಳ ಗಂಡ ಬಿಳಿ ಅಂಗಿ ತೊಟ್ಟು ಬಂದು ಅವಳ ಕುರ್ಚಿಯಲ್ಲಿ ತಾನೇ ಕೂತ. ಅವಳು ಬಾಗಿಲ ಬಳಿ ನಿಂತಳು. ಎರಡೂ ಕೇರಿಯವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಪ್ಪ ಮಾತ್ರ, ಸಂಕಲ್ಪಕ್ಕೆ ಯಜಮಾನ ಯಾರೋ ಅವರೇ ಕೂರಬೇಕು, ಬದಲಿ ಕೂತರೆ ಫಲ ಬರುವುದಿಲ್ಲ ಎಂದು ಶಾಸ್ತ್ರ ಹೇಳಿ ಅವನನ್ನು ಎಬ್ಬಿಸಿದ. ಕಾಯಿದೆಯೂ ಅದನ್ನೇ ಹೇಳುತ್ತದೆ ಎಂದು ಕಾರ್ಯದರ್ಶಿಗಳು ಮೆಲ್ಲಗೆ ದನಿಗೂಡಿಸಿದರು. ಅವಳು ಬಂದು ಕೂತಳು. ಮುಂದೆ ಎಷ್ಟೋ ಸಭೆಗಳಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ, ಆದರೆ ಒಂದನ್ನೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಊರಿಗೆ ನೀರಿನ ಟ್ಯಾಂಕು ಮಂಜೂರಾಯಿತು. ಎಂಜಿನಿಯರ್ ಬಂದು ನೋಡಿ, ನೀರು ತಾನಾಗಿ ಇಳಿಯಬೇಕಾದರೆ ಎತ್ತರ ಬೇಕು, ಕಾಲೋನಿಯ ಪಕ್ಕದ ದಿಬ್ಬವೇ ಸರಿ ಎಂದು ಹೇಳಿ ಹೋದರು. ಅವರ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಬರೀ ಓದಿದವರು. ಟ್ಯಾಂಕು ತಮ್ಮ ಕೇರಿಗೇ ಬರಬೇಕೆಂದು ಶೇಂಗಾ ವ್ಯಾಪಾರಿ, ತಮ್ಮ ಕೇರಿಗೇ ಎಂದು ಸೀರೆ ಸಾಹುಕಾರರು. ಸಭೆಯ ಮೇಲೆ ಸಭೆ ಮುರಿದುಬಿದ್ದ ಮೇಲೆ ಯಾರೋ ಹೂ ಕೇಳೋಣ ಎಂದರು. ನಮ್ಮ ಕಡೆ ಇಕ್ಕಟ್ಟಿನ ಮಾತಿಗೆಲ್ಲ ಹೀಗೇ. ದೇವರ ಮೇಲೆ ಹೂವಿಟ್ಟು ಬೇಡಿಕೊಂಡು ಕಾಯುವುದು; ಅದು ಯಾವ ಕಡೆಗೆ ಬೀಳುತ್ತದೋ ಅದೇ ದೇವರ ಮಾತು. ಬಲಕ್ಕೆ ಬಿದ್ದರೆ ಮೇಲಿನ ಕೇರಿ, ಎಡಕ್ಕೆ ಬಿದ್ದರೆ ಕೆಳಗಿನ ಕೇರಿ ಎಂದು ಗೊತ್ತಾಯಿತು.

ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಎತ್ತ ಬಿದ್ದರೂ ಅರ್ಧ ಊರು ತನ್ನನ್ನು ಬಿಡುವುದಿಲ್ಲ ಅಂತ ಅವನ ಸಂಕಟ. ಅವ್ವ ಆ ದಿನ ಬೆಳಿಗ್ಗೆ ಹೂ ಕಟ್ಟುತ್ತ, "ಎತ್ತಾಗೂ ಬೀಳದಿದ್ರೆ?" ಅಂದಳು. ಅಷ್ಟೇ ಅಂದದ್ದು. ಅಪ್ಪ ಎದ್ದು ಗುಡಿಗೆ ಹೋದ. ನಮ್ಮ ಆಂಜನೇಯನಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿಯುವ ಪದ್ಧತಿ. ಅವತ್ತು ಅಪ್ಪ ಬಳಿದ ಸಿಂಧೂರಕ್ಕೆ ದೇವರ ಮೂಗು ಕಣ್ಣು ಒಂದಾಗಿದ್ದವು.

ಸಂಜೆ ಊರೆಲ್ಲ ಸೇರಿತು. ಕಾಲೋನಿಯವರು ಎಂದಿನಂತೆ ಗುಡಿಯ ಹೊರಗೆ, ಅರಳಿಕಟ್ಟೆಯ ಆಚೆ ನಿಂತರು. ಅಪ್ಪ ದೇವರ ನೆತ್ತಿಯ ಹಸಿ ಸಿಂಧೂರದ ಮೇಲೆ ಹೂವಿಟ್ಟು ಮಂತ್ರ ಹೇಳಿದ. ಎಲ್ಲರೂ ಕಾದರು. ಶೇಂಗಾ ವ್ಯಾಪಾರಿ ಬಲಭುಜವನ್ನು, ಸೀರೆ ಸಾಹುಕಾರರು ಎಡಭುಜವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಂತ್ರ ಮುಗಿಯಿತು, ಭಜನೆ ಮುಗಿಯಿತು, ಮಕ್ಕಳು ಅಳಲು ಶುರುಮಾಡಿದವು. ಹೂ ಅಲ್ಲಾಡಲಿಲ್ಲ. ಕೊನೆಗೆ ಅಪ್ಪ ಹೊರಗೆ ಬಂದು, ದೇವರಿಗೆ ಎರಡೂ ಕಡೆ ಮನಸ್ಸಿಲ್ಲ, ಎಂಜಿನಿಯರ್ ಹೇಳಿದ ದಿಬ್ಬವೊಂದೇ ಉಳಿದದ್ದು ಎಂದ. ತನಗೆ ಬರದಿದ್ದರೂ ಅವನಿಗೂ ಬರಲಿಲ್ಲವಲ್ಲ ಅನ್ನುವ ಸಮಾಧಾನದಲ್ಲಿ ಇಬ್ಬರೂ ಭಕ್ತಿಯಿಂದ ಮನೆಗೆ ಹೋದರು.

ಟ್ಯಾಂಕು ಕಟ್ಟಿದ್ದಾಯಿತು. ಊರೊಳಗೆ ಹಾಕುವ ಪೈಪು ಮಾತ್ರ ಬರುವುದು ತಡವಾಯಿತು. ಹಾಗಾಗಿ ಆ ಬೇಸಿಗೆಯೆಲ್ಲ ಎರಡೂ ಕೇರಿಯ ಹೆಂಗಸರು ಕೊಡ ಹಿಡಿದು ಟ್ಯಾಂಕಿನ ಬುಡದಲ್ಲಿದ್ದ ಕಾಲೋನಿಯ ನಲ್ಲಿಗೆ ಬರಬೇಕಾಯಿತು. ಮೊದಲ ದಿನಗಳಲ್ಲಿ ಅವರಿಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಕಾಲೋನಿಯವರು ಬಿಟ್ಟ ಜಾಗದಲ್ಲಿ ನಿಂತರು. ಹದಿನೈದು ದಿನ ಕಳೆಯುವುದರಲ್ಲಿ ಕೊಡಕ್ಕೆ ಕೊಡ ತಾಗಿಸಿಕೊಂಡು ಜಗಳವನ್ನೂ ಆಡುತ್ತಿದ್ದರು.

ಅದೇ ಬೇಸಿಗೆಯಲ್ಲಿ ಬೇವಿನ ಮರದ ಕೆಳಗೆ ಗ್ರಾಮಸಭೆ ನಡೆಯಿತು. ನಾನೂ ಅವ್ವನೂ ಹೋಗಿದ್ದೆವು. ಅಪ್ಪ ಟ್ಯಾಂಕಿನ ವಿಚಾರವಾಗಿ ತನ್ನ ಸಾಧನೆಯನ್ನು ದೇವರ ಹೆಸರಿನಲ್ಲಿ ಹೇಳಿಕೊಂಡು ಕೂತ ಮೇಲೆ, ಕಾಲೋನಿಯ ಸದಸ್ಯೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಜಗಳದ ದನಿಯೇ ಇಲ್ಲದೆ ಕೇಳಿದಳು.

"ಸ್ವಾಮಿ, ಪಂಚಾಯ್ತಿಯಾಗೆ ನನ್ನ ಪಕ್ಕದ ಕುರ್ಚಿಯಾಗೆ ಕುಂತ್ಕೋತೀರಿ. ಗುಡಿ ಮುಂದೆ ಬಂದ್ರೆ ಹೊರಗೆ ನಿಲ್ಲಿಸಿ, ಎತ್ತರದಿಂದ ತೀರ್ಥ ಬಿಡ್ತೀರಿ. ಇದ್ರಾಗೆ ಯಾವುದು ನೀವು?"

ಅಪ್ಪ ಕಾರ್ಯದರ್ಶಿಗಳ ಕಡೆ ನೋಡಿದ, ಕಾರ್ಯದರ್ಶಿಗಳು ಚಪ್ಪಲಿ ನೋಡಿಕೊಂಡರು.

"ಇದು ಇವತ್ತಿನ ಅಜೆಂಡಾದಾಗೆ ಇಲ್ಲವ್ವ," ಎಂದ ಅಪ್ಪ.

"ಹಂಗಾರೆ ಹಾಕ್ರಿ," ಎಂದು ಹೇಳಿ ಅವಳು ಕೂತಳು.

ಆಮೇಲೆ ಅಪ್ಪ ಅದನ್ನು ಹಾಕಲೂ ಇಲ್ಲ, ಹಾಕದೆ ಇರಲೂ ಇಲ್ಲ. ಪ್ರತಿ ಸಭೆಯ ಕೊನೆಗೆ ‘ಇತರೆ ವಿಷಯಗಳು’ ಎಂದು ಬರೆಸುತ್ತಿದ್ದ. ಅಲ್ಲಿಗೆ ಬರುವ ಹೊತ್ತಿಗೆ ಕಾರ್ಯದರ್ಶಿಗಳ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಒಮ್ಮೊಮ್ಮೆ ಬಸ್ಸು ತಡವಾದರೆ ಅಪ್ಪನಿಗೇ ತಲೆನೋವು ಬರುತ್ತಿತ್ತು. ಅವಳು ಮತ್ತೆ ಕೇಳಲಿಲ್ಲ. ಸಭೆ ಮುಗಿಯುವವರೆಗೂ ಕೂತು ಅವನ ಮುಖ ನೋಡಿ ಎದ್ದು ಹೋಗುತ್ತಿದ್ದಳು. ಕೇಳಿದ್ದರೇ ವಾಸಿಯಿತ್ತು ಎಂದು ಅಪ್ಪ ಮನೆಯಲ್ಲಿ ನರಳುತ್ತಿದ್ದ. ಉಣ್ಣುವಾಗ ಒಂದು ದಿನ, ಅಜ್ಜನ ಕಾಲದಿಂದ ಬಂದದ್ದು, ನಾನೇನು ಮಾಡಲಿ ಎಂದು ತನ್ನಷ್ಟಕ್ಕೇ ಅಂದುಕೊಂಡ. ಅಜ್ಜನ ಕಾಲದಲ್ಲಿ ಅಧ್ಯಕ್ಷಗಿರಿ ಇತ್ತಾ ಎಂದು ಅವ್ವ ಸಾರು ಬಡಿಸುತ್ತ ಕೇಳಿದಳು.

ಮರುವರ್ಷ, ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಏಳುವ ಗಾಳಿಗೆ ಪಂಚಾಯ್ತಿ ಆಫೀಸಿನ ಶೀಟುಗಳು ಹಾರಿಹೋಗಿ ಯಾರದೋ ಹೊಲದಲ್ಲಿ ಬಿದ್ದವು. ಮುಂದಿನ ಸಭೆ ಎಲ್ಲಿ ಎನ್ನುವುದು ಈಗ ಪ್ರಶ್ನೆ. ಶೇಂಗಾ ವ್ಯಾಪಾರಿ ತಮ್ಮ ಗೋಡೌನ್ ಕೊಡುತ್ತೇನೆಂದರು. ಅಲ್ಲಿಗೆ ಕಾಲಿಡುವುದಿಲ್ಲ ಎಂದರು ಸೀರೆ ಸಾಹುಕಾರರು. ಸಾಹುಕಾರರು ಮಗ್ಗದ ಮನೆ ಕೊಡುತ್ತೇನೆಂದರು. ಅಲ್ಲಿ ತಮಗೆ ಕಿವಿ ಕೇಳುವುದಿಲ್ಲ ಎಂದರು ವ್ಯಾಪಾರಿ. ಶಾಲೆಯ ಕೊಠಡಿಯಲ್ಲಿ ಹೊಸ ಬೆಂಚು ತುಂಬಿದ್ದವು. ಮರದ ಕೆಳಗೆ ಕೂತರೆ ಗಾಳಿಗೆ ಕಾಗದ ನಿಲ್ಲುವುದಿಲ್ಲ. ಇಬ್ಬರಿಗೂ ಸೇರದ ಜಾಗ ಯಾವುದು ಎಂದು ಕಾರ್ಯದರ್ಶಿಗಳು ಕೇಳಿದರು. ಗುಡಿಯ ಮಂಟಪ ಎಂದ ಅಪ್ಪ. ಇಬ್ಬರೂ ಒಪ್ಪಿದರು. ಒಪ್ಪುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರೇ ಹೊರತು ಬೇರೆ ಯಾರ ನೆನಪೂ ಅವರಿಗೆ ಬರಲಿಲ್ಲ. ಸದಸ್ಯರೆಲ್ಲರಿಗೂ ನೋಟೀಸು ಹೋಯಿತು.

ನೆನಪು ಬಂದದ್ದು ಸಭೆಯ ದಿನ ಬೆಳಿಗ್ಗೆ. ನಾನು ಮಂಟಪ ಗುಡಿಸಿ ಜಮಖಾನ ಹಾಸಿದ್ದೆ. ಕಂಬದ ಪಕ್ಕ ಕಾರ್ಯದರ್ಶಿಗಳ ಮೇಜು. ಶೇಂಗಾ ವ್ಯಾಪಾರಿ ಗುಡಿಯ ಬಾಗಿಲಿಗೆ ಬಂದವರು, ಎದುರಿನಿಂದ ಬರುತ್ತಿದ್ದ ಕಾಲೋನಿಯ ಸದಸ್ಯೆಯನ್ನು ನೋಡಿ ನಿಂತರು. ಸೀರೆ ಸಾಹುಕಾರರೂ ನಿಂತರು. ಆದರೆ ಅವತ್ತಿನ ಸಭೆಯಲ್ಲಿ ಸಂತೆ ಎಲ್ಲಿ ಕೂಡಬೇಕು ಎನ್ನುವ ತೀರ್ಮಾನವಿತ್ತು. ಒಬ್ಬರು ಹೊರಗುಳಿದರೆ ಇನ್ನೊಬ್ಬರ ಕೇರಿಗೆ ಸಂತೆ ಹೋದಂತೆಯೇ. ವ್ಯಾಪಾರಿ ಒಳಗೆ ಬಂದರು. ಅದನ್ನು ಕಂಡು ಸಾಹುಕಾರರೂ ತಮ್ಮವರನ್ನು ಕರೆದುಕೊಂಡು ಒಳಗೆ ಓಡಿದರು.

ಅವಳು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಳು. ಮದುವೆಗೆ ಹೊರಟವಳಂತೆ ಹೂ ಮುಡಿದಿದ್ದಳು. ಅಪ್ಪ ಗರ್ಭಗುಡಿಯ ಮುಂದೆ ಆ ದೊಡ್ಡ ಜೇಬಿನ ಜುಬ್ಬಾ ತೊಟ್ಟು ಕೂತಿದ್ದ. ಸದಸ್ಯರು ಒಳಗೆ ಬಂದು ಸಹಿ ಮಾಡಬೇಕು ಎಂದು ಕಾರ್ಯದರ್ಶಿಗಳು ಮೇಜಿನ ಕಡೆಗೇ ನೋಡುತ್ತ ಕೂಗಿದರು.

"ಬಾರವ್ವ," ಎಂದ ಅಪ್ಪ. "ಹೊತ್ತಾಗ್ತೈತೆ."

ಅವಳು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಸಹಿ ಮಾಡಿದಳು. ಮೊದಲ ಸಾಲಿನಲ್ಲಿ ಕೂತಳು. ಸಂತೆಯ ವಿಚಾರ ಎಂದಿನಂತೆ ತೀರ್ಮಾನವಾಗಲಿಲ್ಲ. ಸಭೆ ಮುಗಿದ ಮೇಲೆ, ದೇವರ ಎದುರು ಇಷ್ಟು ಹೊತ್ತು ಕೂತು ಹಾಗೇ ಎದ್ದು ಹೋಗುವುದು ಸರಿಯಲ್ಲ ಎಂದು ಅಪ್ಪ ಮಂಗಳಾರತಿ ಮಾಡಿದ. ತೀರ್ಥದ ಬಟ್ಟಲು ಹಿಡಿದು ಬಂದಾಗ ಮೊದಲು ಚಾಚಿದ್ದು ಅವಳ ಕೈ. ಅಪ್ಪ ಬಗ್ಗಿ, ಉದ್ಧರಣೆ ಚಮಚವನ್ನು ಅವಳ ಅಂಗೈಗೆ ತಾಗುವಷ್ಟು ಹತ್ತಿರ ತಂದು ತೀರ್ಥ ಹಾಕಿದ. ಅವಳು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡಳು. ಮುಂದಿನ ಕೈ ಶೇಂಗಾ ವ್ಯಾಪಾರಿಯದು. ಬೇಡ ಎಂದರೆ ಸಾಹುಕಾರರು ದೇವರಿಗೆ ಅವಮಾನ ಮಾಡಿದ ಎಂದು ಊರು ತುಂಬ ಹೇಳುತ್ತಾರೆ. ಅವರೂ ಕುಡಿದರು. ಅವರು ಕುಡಿದ ಮೇಲೆ ಸಾಹುಕಾರರು ಕುಡಿಯದೆ ಇರುತ್ತಾರೆಯೇ?

ಮೂರು ನಾಲ್ಕು ದಿನದ ಮೇಲೆ ಗುಡಿಯ ಶುದ್ಧಿ ಆಗಬೇಕು ಎಂಬ ಮಾತು ಎದ್ದಿತು. ಶುದ್ಧಿ ಮಾಡಲು ಬರುತ್ತಿದ್ದುದೂ ಅಪ್ಪನೊಬ್ಬನಿಗೇ, ಹಾಗಾಗಿ ಅವನ ಬಳಿಯೇ ಬಂದರು. ಅಪ್ಪ ಬಹಳ ಗಂಭೀರವಾಗಿ ಕೇಳಿ, ಇದು ಪಂಚಾಯ್ತಿ ಸಭೆಯಿಂದ ಆದದ್ದು, ಪಂಚಾಯ್ತಿಯೇ ನಿರ್ಣಯ ಮಾಡಿ ಕೊಡಲಿ ಎಂದ. ಅವರು ಕಾರ್ಯದರ್ಶಿಗಳ ಹತ್ತಿರ ಹೋದರು. ಯಾಕೆ ಶುದ್ಧಿ ಅಂತ ಕಾರಣ ಬರೆದರೆ ಬರೆದವನೂ ಬರೆಸಿದವರೂ ಒಟ್ಟಿಗೆ ಜೈಲಿಗೆ ಹೋಗಬೇಕಾಗುತ್ತದೆ ಎಂದು ಕಾರ್ಯದರ್ಶಿಗಳು ಹೇಳಿ, ಅವತ್ತು ಬಸ್ಸಿಗೂ ಕಾಯದೆ ಯಾವುದೋ ಲಾರಿ ಹತ್ತಿ ಚಳ್ಳಕೆರೆಗೆ ಹೋದರು. ಶುದ್ಧಿ ಅಲ್ಲಿಗೇ ನಿಂತಿತು.

ಆದರೆ ಒಂದು ಅದ್ಭುತ ನಡೆಯಿತು. ನಮ್ಮಪ್ಪನ ಅಧ್ಯಕ್ಷಗಿರಿಯ ದೊಡ್ಡ ಸಾಧನೆ ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಶೇಂಗಾ ವ್ಯಾಪಾರಿಯೂ ಸೀರೆ ಸಾಹುಕಾರರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದರು. ಊರಿನ ಹಿರಿಯರು ಅದನ್ನು ನೋಡಲೆಂದೇ ಹೋಟೆಲಿನ ಮುಂದೆ ಹಾದು ಹೋಗುತ್ತಿದ್ದರು. ಅವರಿಬ್ಬರೂ ಸೇರಿ ಅಪ್ಪನ ಮೇಲೆ ಅವಿಶ್ವಾಸ ತಂದರು. ಅಧಿಕಾರಿಗಳು ಬಂದು ಕೈ ಎತ್ತಿಸಿದರು. ಅಪ್ಪನ ಪರವಾಗಿ ಎದ್ದದ್ದು ಅವಳ ಕೈ ಮತ್ತು ಅಪ್ಪನ ಕೈ.

ಅಪ್ಪ ಮನೆಗೆ ಬಂದು ಜುಬ್ಬಾ ಕಳಚಿ ಗೂಟಕ್ಕೆ ಹಾಕಿದ. ವೋಟು ಹಾಕಿಸಿದ್ದು ರಾಹುಕಾಲದಲ್ಲಿ, ಅದು ಊರ್ಜಿತವಾಗುವುದಿಲ್ಲ ಎಂದು ಅವ್ವನ ಹತ್ತಿರ ವಾದ ಮಾಡಿದ. ಅವ್ವ ಮುದ್ದೆ ಇಕ್ಕಿದಳು. ಅವನಿಗೆ ನೋವಾಗಿತ್ತು. ತಾವೇ ಕರೆದು ಕೂರಿಸಿದರು, ತಾವೇ ಎಬ್ಬಿಸಿದರು ಎಂದು ಒಂದೇ ಸಲ ಅಂದ, ಆಮೇಲೆ ಉಂಡ.

ಸಂಜೆ ಪೂಜೆಗೆ ನಾನೂ ಹೋದೆ. ಅಪ್ಪ ದೀಪ ಹಚ್ಚಿ ಗಂಟೆ ಬಾರಿಸುವಾಗ ಕಾಲೋನಿಯ ಹೆಂಗಸರು ನಾಲ್ಕೈದು ಜನ ಬಂದರು. ಸದಸ್ಯೆಯೂ ಇದ್ದಳು. ಹೊಸ್ತಿಲ ಹೊರಗೆ ನಿಂತರು. ಅವತ್ತು ಒಳಗೆ ಬಂದದ್ದು ಸಭೆಗೆ. ಇವತ್ತು ಸಭೆಯಿಲ್ಲ, ನೋಟೀಸಿಲ್ಲ, ಅಪ್ಪ ಅಧ್ಯಕ್ಷನೂ ಅಲ್ಲ. ಅವನು ಆರತಿ ತಟ್ಟೆ ಹಿಡಿದುಕೊಂಡು ಅವರನ್ನೂ ನೋಡಿದ, ಅರಳಿಕಟ್ಟೆಯ ಮೇಲೆ ಕೂತು ತನ್ನನ್ನೇ ನೋಡುತ್ತಿದ್ದ ಎರಡೂ ಕೇರಿಯ ಗಂಡಸರನ್ನೂ ನೋಡಿದ. ಬನ್ನಿ ಎಂದು ಬಾಯಿ ಬಿಟ್ಟು ಕರೆಯುವ ಧೈರ್ಯ ಅವನಿಗೆ ಬರಲಿಲ್ಲ. ಬರಬೇಡಿ ಎನ್ನುವ ಮನಸ್ಸೂ ಬರಲಿಲ್ಲ. ಬಾಗಿಲ ಕಡೆ ಬೆನ್ನು ಮಾಡಿ ನಿಂತು, ಚೆನ್ನಾಗಿಯೇ ಉರಿಯುತ್ತಿದ್ದ ದೀಪದ ಬತ್ತಿಯನ್ನು ಸರಿಮಾಡತೊಡಗಿದ. ಸರಿಮಾಡಿದ, ಮತ್ತೆ ಸರಿಮಾಡಿದ. ಅವನು ತಿರುಗಿದಾಗ ಅವರು ಮಂಟಪದೊಳಗೆ ಕೈಮುಗಿದು ನಿಂತಿದ್ದರು. ಅಪ್ಪ ಎಲ್ಲರಿಗೂ ಆರತಿ ಕೊಟ್ಟ. ಕಟ್ಟೆಯ ಮೇಲಿದ್ದವರು ಕೆಮ್ಮಿದರು, ಎದ್ದು ಹೋದರು.

ಮೇಲಿನ ಕೇರಿಯ ಕೆಲವರು ಸ್ವಲ್ಪ ದಿನ ನಮ್ಮ ಗುಡಿ ಬಿಟ್ಟು ಸಿದ್ದಾಪುರದ ಕಡೆ ಪೂಜೆಗೆ ಹೋದರು. ಅಷ್ಟು ದೂರ ಹೋಗಿ ಬರುವುದು ಭಕ್ತಿಗೆ ಮೀರಿದ್ದು ಎಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಮರಳಿದರು. ಅಪ್ಪ ಏನೂ ಆಗದವನಂತೆ ಅವರ ಗೋತ್ರ ಕೇಳಿದ. ಸೀರೆ ಸಾಹುಕಾರರು ಅಧ್ಯಕ್ಷರಾದರು, ವ್ಯಾಪಾರಿಯ ಜೊತೆಗಿನ ಸ್ನೇಹ ಅದೇ ದಿನ ಮುಗಿಯಿತು.

ನನಗೆ ರಾಂಪುರದ ಹತ್ತಿರ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳ ಮೇಲೆ, ಎರಡು ಸಾವಿರದ ಇಸವಿ ದಾಟಿದ ನಂತರ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಆ ಹೊತ್ತಿಗೆ ಮತ್ತೆ ಗೆದ್ದಿದ್ದ ಕಾಲೋನಿಯ ಸದಸ್ಯೆಯೇ ಅಧ್ಯಕ್ಷೆಯಾದಳು. ಅಪ್ಪ ಅವಳಿಗೆ ಕಾಟ ಕೊಟ್ಟಷ್ಟು ಎರಡೂ ಕೇರಿಯವರು ಕೊಡಲಿಲ್ಲ. ನಮ್ಮ ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಿದೆ ಎಂದು ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಲ್ಲುತ್ತಿದ್ದ. ನನ್ನ ಕಾಲದಲ್ಲಿ ಹೀಗಿರಲಿಲ್ಲ ಎನ್ನುತ್ತಿದ್ದ. ಅವನ ಕಾಲದಲ್ಲಿ ಚರಂಡಿಯೇ ಇರಲಿಲ್ಲ.

ರಜೆಗೆ ನಾನು ಊರಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅವಳೇ ಬಂದಳು. ಅವ್ವ ಕುರ್ಚಿ ಹಾಕಿ ಚಹಾ ಕೊಟ್ಟಳು. ಇಬ್ಬರೂ ತಮ್ಮ ಮೊಣಕಾಲು ನೋವಿನ ವಿಚಾರ ಮಾತಾಡಿಕೊಂಡರು. ಅಪ್ಪ ಒಳಗಿನಿಂದ ಬಂದು ಚರಂಡಿ ತೋರಿಸಿದ. ಅವಳು ಬಗ್ಗಿ ನೋಡಿ, ಮುಂದಿನ ವಾರ ಜನ ಕಳಿಸ್ತೀನಿ ಎಂದಳು.

"ಮುಂದಿನ ವಾರ ಅಂದ್ರೆ ಯಾವಾಗವ್ವ?" ಎಂದು ಕೇಳಿದ ಅಪ್ಪ.

"ನೀವೇ ಒಳ್ಳೆ ದಿನ ನೋಡಿ ಹೇಳ್ರಿ ಸ್ವಾಮಿ," ಎಂದು ಅವಳು ಲೋಟ ಕೆಳಗಿಟ್ಟಳು.

ಅಪ್ಪ ನಿಜವಾಗಿಯೂ ಒಳಗೆ ಹೋಗಿ ಪಂಚಾಂಗ ತಂದ.